ಅರ್ಧ ಕೈ

ಅವಳು ಹೋದಳೆಂಬ ಸುದ್ದಿ ನನಗೆ ಮುಟ್ಟಿದ್ದು ಅವಳನ್ನು ಮಣ್ಣು ಮಾಡಿ ಎಷ್ಟೋ ದಿನಗಳಾದ ಮೇಲೆ. ಜೇವರ್ಗಿಯಿಂದ ಬಂದಿದ್ದ ನಮ್ಮ ಬೀಗರೊಬ್ಬರು ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತ, ತೊಗರಿಯ ಮಾತಿನ ನಡುವೆ, “ನಿಮ್ಮ ಕಡಿ ಬಳಿಗಾರ್ತಿ ಒಬ್ಬಾಕಿ ಮಗಳ ಮನ್ಯಾಗ ಬಂದು ಇದ್ದಳಲ್ರಿ, ಆ ಮುದುಕಿ ಹೋದಳ್ರಿ” ಎಂದರು. ಅಷ್ಟು ಹೇಳಿ ಮತ್ತೆ ತೊಗರಿಗೆ ಹೊರಳಿದರು. ನಾನು ನೀರು ತರುವ ನೆವ ಮಾಡಿ ಒಳಗೆ ಹೋಗಿ ಕಣ್ಣೀರು ಹಾಕಿಬಂದೆ. ಈ ವಯಸ್ಸಿನಲ್ಲಿ ಅಳುವುದಕ್ಕೂ ನೆವ ಬೇಕಾಗುತ್ತದೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯುವುದು ರೂಢಿ. ಅವಳ ಬಗ್ಗೆ ಹಾಗೆ ಬರೆದರೆ ಅವಳನ್ನು ಕಂಡವರಿಗೆ ಗುರುತೇ ಸಿಗುವುದಿಲ್ಲ. ಬಾಯಿ ಬಲು ಜೋರು. ಒಂದೂರಿನ ಸುದ್ದಿಯನ್ನು ಇನ್ನೊಂದೂರಿಗೆ ಒಯ್ಯುವಾಗ ದಾರಿಯಲ್ಲಿ ಅದಕ್ಕೆ ಕೈಕಾಲು ಮೂಡಿಸುತ್ತಿದ್ದಳು. ಮಾರಾಟವಾಗದೆ ಉಳಿದ ಬಣ್ಣದ ಬಳೆ ತೋರಿಸಿ, “ಸೊಲ್ಲಾಪುರದಾಗ ಈಗ ಇದೇ ನಡದದ” ಎಂದು ಮುಖ ಗಂಟುಹಾಕಿಕೊಂಡೇ ಸುಳ್ಳು ಹೇಳುತ್ತಿದ್ದಳು. ತನ್ನ ಹಾಸ್ಯಕ್ಕೆ ತಾನೇ ಮೊದಲು ನಗುತ್ತಿದ್ದಳು. ನಾವೆಲ್ಲ ಅವಳನ್ನು ಬಳಿ ಬೂಬು ಎಂದು ಕರೆಯುತ್ತಿದ್ದೆವು. ಅವಳಿಗೊಂದು ಹೆಸರಿತ್ತು, ಅದನ್ನು ಬರೆಯುವುದಿಲ್ಲ. ನಮ್ಮೂರಿನ ಹೆಸರನ್ನೂ ಬರೆಯುವುದಿಲ್ಲ. ಆಳಂದದಿಂದ ನರೋಣಾ ಕಡೆಗೆ ಹೋಗುವ ದಾರಿಯಲ್ಲಿ ಬರುತ್ತದೆ ಎಂದರೆ ಸಾಕು. ಅವತ್ತು ಕೊಡಲಿ ಹಿಡಿದು ಬಂದವರ ಮೊಮ್ಮಕ್ಕಳು ಇವತ್ತಿಗೂ ನಮ್ಮನ್ನು ಮದುವೆಗೆ ಕರೆಯುತ್ತಾರೆ, ನಾವೂ ಹೋಗಿ ಉಂಡುಬರುತ್ತೇವೆ.

ನಾನು ಹಾನಗಲ್ಲ ಕಡೆಯವಳು. ನಮ್ಮಲ್ಲಿ ನೆಲ ಕೆಂಪು, ಗದ್ದೆ ಹಸಿರು. ನನಗೆ ಗೊತ್ತಿದ್ದ ಜಗತ್ತು ಇವೆರಡೇ ಬಣ್ಣದ್ದು. ಹುಬ್ಬಳ್ಳಿಯಲ್ಲಿ ನಮ್ಮ ಸೋದರಮಾವನ ಮನೆಯಲ್ಲಿದ್ದು ಓದಿದ ಹುಡುಗನಿಗೆ ನನ್ನನ್ನು ಕೊಟ್ಟರು. ಅವರು ತಮ್ಮೂರಿನ ಶಾಲೆಯಲ್ಲಿ ಮಾಸ್ತರರಾಗಿದ್ದರು. ನಲವತ್ತೇಳರ ಆಗಸ್ಟಿನಲ್ಲಿ ನಮ್ಮೂರಲ್ಲಿ ಬಾವುಟ ಏರಿಸಿ ಪೇಢೆ ಹಂಚಿದ್ದರು. ದೀಪಾವಳಿ ಮುಗಿದ ಮೇಲೆ ನಾನು ಗಂಡನ ಹಿಂದೆ ಹೊರಟೆ. ಸೊಲ್ಲಾಪುರದವರೆಗೆ ರೈಲು, ಅಲ್ಲಿಂದ ಮೋಟಾರು, ಕೊನೆಗೆ ಚಕ್ಕಡಿ. ನಡುವೆ ಒಂದು ನಾಕಾ ಬಂತು. ಒಬ್ಬ ಪಹರೆಯವನು ನನ್ನ ಟ್ರಂಕಿನ ಸೀರೆಗಳನ್ನು ಬಡಿಗೆಯ ತುದಿಯಿಂದ ಎತ್ತಿ ಎತ್ತಿ ನೋಡಿದ. ಅದನ್ನು ದಾಟಿದರೆ ಬೇರೆ ದೇಶ, ಸ್ವಾತಂತ್ರ್ಯ ಬಂದ ದೇಶಕ್ಕೆ ಇನ್ನೂ ಸೇರದ ಸಂಸ್ಥಾನ. ನಾಣ್ಯ ಬೇರೆ, ಬಾವುಟ ಬೇರೆ, ಕಚೇರಿಯ ಭಾಷೆ ಬೇರೆ. ನಮ್ಮ ಕಡೆಯವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಹೆಣ್ಣು ಕೊಡುವಾಗ ತುಸು ದನಿ ಇಳಿಸಿ ಎನ್ನುತ್ತಿದ್ದರು.

ಚಕ್ಕಡಿಯಲ್ಲಿ ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಸುತ್ತಲೂ ನೆಲ ಕಪ್ಪಗೆ ಬಿದ್ದಿತ್ತು. ಒಂದು ಹೊಲ ಎರಡು ಹೊಲ ಅಲ್ಲ, ಆಕಾಶ ಮುಟ್ಟುವವರೆಗೆ ಕಪ್ಪು. “ಇಷ್ಟೆಲ್ಲ ಯಾರು ಸುಟ್ಟರ್ರಿ?” ಎಂದು ಕೇಳಿದೆ. ನನ್ನ ಗಂಡ ಬಿದ್ದು ಬಿದ್ದು ನಕ್ಕರು, ಚಕ್ಕಡಿ ಹೊಡೆಯುವವನೂ ನಕ್ಕ. “ಸುಟ್ಟಿಲ್ಲ, ಎರಿ ನೆಲ ಇರೂದೇ ಹಿಂಗ” ಎಂದರು. ಅವರು ನಕ್ಕಿದ್ದಕ್ಕೆ ನನಗೆ ಸಿಟ್ಟು ಬಂತು. ಮದುವಣಗಿತ್ತಿಗೆ ಕಪ್ಪು ತೋರಿಸಬಾರದು ಎಂದು ನಮ್ಮಲ್ಲಿ ಮಸಿ ಅರಿವೆಯನ್ನು ಸಹ ಬಚ್ಚಿಡುತ್ತಾರೆ. ಇಲ್ಲಿ ದೇಶವೇ ಕಪ್ಪಗಿದೆ, ಇಲ್ಲಿ ನಾನು ಬಾಳುವುದಿಲ್ಲ ಎಂದು ಅವತ್ತೇ ಅನ್ನಿಸಿತ್ತು.

ಮನೆ ತುಂಬಿಸಿಕೊಂಡ ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಬಂದಳು. ಹೆಗಲ ಮೇಲೆ ಮಲಾರ, ಎಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಕಟ್ಟು. ಬೀದಿಯ ತುದಿಯಿಂದಲೇ ಅದರ ಸದ್ದು ಕೇಳುತ್ತಿತ್ತು. ಪಡಸಾಲೆಯಲ್ಲಿ ಕೂತವಳೇ ನನ್ನ ಕೈ ಎಳೆದುಕೊಂಡು, ರೊಟ್ಟಿ ಹಿಟ್ಟು ನಾದಿದ ಹಾಗೆ ಗೆಣ್ಣುಗಳನ್ನು ನಾದಿ, “ಕೈ ಸತ್ತಂಗ ಬಿಡ ಬೇ. ಜೀವಂತ ಕೈಗಿ ಬಳಿ ಏರೂದಿಲ್ಲ” ಎಂದಳು. ಹೊಸ ಊರಲ್ಲಿ ಮೊದಲು ಕಲಿತ ಪಾಠ ಇದು. ಆಮೇಲೆ ಎಲ್ಲಿಯೂ ಉಪಯೋಗಕ್ಕೆ ಬರಲಿಲ್ಲ, ನಾನು ಕೈ ಬಿಗಿಹಿಡಿಯುವ ಜಾತಿಯವಳು.

ಬಲಗೈ ಮುಗಿದು ಎಡಗೈಗೆ ಬರುವಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ನಾನು ಎದ್ದೆ. ನಮ್ಮ ಅತ್ತೆಯವರು ಕಿಟಾರನೆ ಕಿರುಚಿದರು, “ಕೂಡು. ಹಾಲು ಹೋಗ್ಲಿ, ಮನಿ ಸುಟ್ಟು ಹೋಗ್ಲಿ, ಕೂಡು.” ಬಳೆ ಇಡಿಸಿಕೊಳ್ಳಲು ಕೂತ ಮುತ್ತೈದೆ ನಡುವೆ ಏಳಬಾರದು. ಒಂದು ಕೈ ತುಂಬಿ ಒಂದು ಕೈ ಬರಿದಾಗಿದ್ದರೆ ಅದು ಅರ್ಧ ಕೈ. ಅರ್ಧ ಕೈಯವಳು ಎದ್ದರೆ ಗಂಡನ ಆಯುಷ್ಯ ಅರ್ಧವಾಗುತ್ತದಂತೆ. ಯಾರೂ ಎಬ್ಬಿಸಲೂಬಾರದು, ಎಬ್ಬಿಸಿದವರಿಗೆ ಆ ಪಾಪ. ಹಾಲು ಉಕ್ಕಿ ಒಲೆ ಆರಿಹೋಯಿತು. ಬೂಬು ಸಾವಕಾಶ ಎಡಗೈ ಮುಗಿಸಿದಳು.

ಆ ಕಪ್ಪು ದೇಶದಲ್ಲಿ ನನಗೆ ಬಣ್ಣ ತೋರಿಸಿದವಳು ಅವಳೇ. ಅವಳಿಗೆ ಬರಿ ನೀಲಿ, ಬರಿ ಹಳದಿ ಎಂಬುದು ಇರಲೇ ಇಲ್ಲ. ಇದು ಅಗಸಿ ಹೂವು, ಇದು ಕುಸುಬಿ, ಇದು ತೊಗರಿ ಹೂವು, ಇದು ಎಳಿ ಕಡ್ಲಿ ಎಂದು ಒಂದೊಂದೇ ಬಳೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದಳು. ನಾನು ಅಗಸಿ ಹೂವನ್ನೇ ಕಂಡವಳಲ್ಲ. “ಪುಷ್ಯ ಮಾಸದಾಗ ಹೊಲಕ್ಕ ಹೋಗು, ನನ್ನ ಮಲಾರ ಅಲ್ಲೇ ಬಿದ್ದಿರ್ತದ” ಎಂದಳು. ಹೋಗಿ ನೋಡಿದೆ. ಕಪ್ಪು ಮಣ್ಣಿನ ಮೇಲೆ ನೀಲಿ ಹೂವು ಅಷ್ಟು ನೀಲಿಯಾಗಿ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಆದರೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ನಮ್ಮೂರ ಗದ್ದೆಯ ಹಸಿರು ನಿನ್ನ ಹತ್ತಿರ ಇದೆಯೇನು ಎಂದು ಕೇಳಿದೆ. ಅವಳು ಮಲಾರವೆಲ್ಲ ಹುಡುಕಿ, ಗಿಳಿಹಸಿರಿನದೊಂದು ತೆಗೆದಳು. ಅಲ್ಲ ಎಂದೆ. ಇನ್ನೊಂದು ತೆಗೆದಳು. ಅಲ್ಲ ಎಂದೆ. “ಹಂಗಾರ ನಿಮ್ಮಪ್ಪನ ಮನಿಗೇ ಹೋಗಿ ಇಡಸ್ಕೋ” ಎಂದು ಸಿಟ್ಟಿಗೆದ್ದಳು. ಮುಂದಿನ ಸಲ ಬರುವಾಗ ಮಾತ್ರ ಬೇರೆ ಬೇರೆ ಹಸಿರಿನ ಬಳೆಗಳ ಕಟ್ಟೊಂದನ್ನು ತಂದು ನನ್ನ ಉಡಿಯಲ್ಲಿ ಸುರಿದು, ಅದರಲ್ಲಿ ಅಪ್ಪನ ಮನೆ ಯಾವುದೆಂದು ಆರಿಸಿಕೊ ಎಂದಳು.

ಸಂಕ್ರಾಂತಿಗೆ ಅತ್ತೆಯವರು ನನಗೆ ಕರಿ ಸೀರೆ ತಂದರು. ನಾನು ಅದನ್ನು ಮುಟ್ಟಲಿಲ್ಲ, ಹಿತ್ತಲಲ್ಲಿ ಕೂತು ಕಣ್ಣೀರು ಹಾಕಿದೆ. ಈ ಮನೆಯವರಿಗೆ ನಾನು ಬೇಡವಾಗಿದ್ದೇನೆ ಎಂದೇ ತಿಳಿದೆ. ಬೂಬು ಬಂದಳು, ಕಾರಣ ಕೇಳಿದಳು, ಕೇಳಿ ತೊಡೆ ತಟ್ಟಿಕೊಂಡು ನಕ್ಕಳು. “ಈ ಕಡಿ ಹೊಸ ಸೊಸಿಗಿ ಸಂಕ್ರಮಣಕ್ಕ ಕರಿ ಸೀರಿನೇ ಉಡಸೂದು. ಥಂಡಿ ದಿನದಾಗ ಕರಿ ಅರಬಿ ಬಿಸಲು ಹಿಡಿತದ. ನಮ್ಮ ಎರಿ ನೋಡು, ಮಳಿ ಹೋದ ಮ್ಯಾಲೂ ಒಡಲಾಗ ನೀರು ಇಟ್ಕೊಂಡು ಜ್ವಾಳಕ್ಕ ಹಾಲು ಕುಡಸ್ತದ. ನಿಮ್ಮ ಕೆಂಪು ಮಣ್ಣು ಇಟ್ಕೊಂತದೇನು?” ಸೀರೆ ಉಟ್ಟೆ. ಚೆನ್ನಾಗಿಯೇ ಕಾಣುತ್ತಿದ್ದೆ ಎಂದು ಈಗ ಹೇಳಿಕೊಳ್ಳಲು ಅಡ್ಡಿಯಿಲ್ಲ.

ಅವಳ ಮನೆ ನಮ್ಮೂರಿನ ಮುಸಲ್ಮಾನರ ಕೇರಿಯಲ್ಲಿತ್ತು. ಅಫಜಲಪುರ ಅವಳ ತವರು, ಜೇವರ್ಗಿಗೆ ಮಗಳನ್ನು ಕೊಟ್ಟಿದ್ದಳು. ಗಂಡ ಕಾಲು ಎಳೆದುಕೊಂಡು ನಡೆಯುತ್ತಿದ್ದ, ಮನೆಯಲ್ಲೇ ಕೂತು ಬಳೆ ಪೋಣಿಸುತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ. “ನನ್ನ ಪಾಲಿಗಿ ಬಂದ ಮಾತು ಸೈತ ಆಕಿನೇ ಆಡಿಬಿಡ್ತಾಳ” ಎನ್ನುತ್ತಿದ್ದ. ಗಾಣಗಾಪುರದ ತನಕ ನಡೆದು ಹೋಗಿ ಬಳೆ ಮಾರಿ ಬರುತ್ತಿದ್ದವಳು ಗಂಡನಿಗೆ ಅಲ್ಲಿನ ಪೇಢೆ ತರುವುದನ್ನು ಮರೆಯುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ತಾನೇ ತಿಂದುಬಿಡುತ್ತಿದ್ದಳು ಎಂಬುದು ಬೇರೆ ಮಾತು.

ಬೇಸಿಗೆ ಬರುವ ಹೊತ್ತಿಗೆ ಬಣ್ಣಗಳು ಜೀವ ತೆಗೆಯತೊಡಗಿದವು. ಸಂಸ್ಥಾನದ ಪರವಾಗಿ ಹೊಡೆದಾಡುವ ಖಾಸಗಿ ದಂಡೊಂದು ಖಾಕಿ ತೊಟ್ಟು ಊರೂರು ತಿರುಗುತ್ತಿತ್ತು. ಗಡಿಯಾಚೆಯ ಬಾವುಟದ ಬಣ್ಣ ಯಾರ ಮನೆಯಲ್ಲಿ ಸಿಕ್ಕಿತೋ ಆ ಮನೆ ಉಳಿಯುತ್ತಿರಲಿಲ್ಲ. ನನಗೆ ಇದೆಲ್ಲ ಕಿವಿಯ ಮೇಲೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಸೀರೆ ಒಗೆದು ಅಂಗಳದ ಹಗ್ಗಕ್ಕೆ ಹಾಕಿದೆ. ಕುಸುಬಿ ಹೂವಿನ ಕೇಸರಿ ಬಣ್ಣದ್ದೊಂದು, ಅದರ ಪಕ್ಕ ಗಂಡನ ಬಿಳಿ ಧೋತರ, ಅದರ ಪಕ್ಕ ತವರಿನ ಹಸಿರು ಸೀರೆ. ಒಳಗೆ ಬಂದು ರೊಟ್ಟಿಗೆ ಕೂತೆ.

ಸದ್ದು ಕೇಳಿ ಹೊರಗೆ ಬಂದರೆ ಖಾಕಿಯವರು ಹಗ್ಗದ ಮುಂದೆ ನಿಂತಿದ್ದರು. ನನ್ನ ಗಂಡನನ್ನು ಎಳೆದು ತಂದು ಅದರ ಕೆಳಗೆ ಮೊಣಕಾಲ ಮೇಲೆ ಕೂರಿಸಿದರು. ಬಂದೂಕಿನ ಹಿಂಭಾಗದಿಂದ ಹೊಡೆದ ಮೊದಲ ಪೆಟ್ಟಿಗೇ ದವಡೆ ಪಕ್ಕಕ್ಕೆ ಸರಿಯಿತು. ಬೋರ್ಡಿನ ಮೇಲೆ ಬರೆಯುವ ಕೈ ಯಾವುದೆಂದು ಕೇಳಿ, ಆ ಕೈಯ ಬೆರಳುಗಳನ್ನು ಕಲ್ಲಿನ ಮೇಲೆ ಇರಿಸಿ ಬೂಟಿನಿಂದ ತುಳಿದರು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಮಲಾರದ ಸದ್ದು ಮಾತ್ರ ಕೇಳಿಸಿತು. ಬೂಬು ಅಂಗಳಕ್ಕೆ ನುಗ್ಗಿ, ತನ್ನ ಕರಿ ಓಢಣಿಯನ್ನು ತಲೆಯಿಂದ ಕಿತ್ತು ಧೋತರದ ಮೇಲೆ ಎಸೆದಳು. “ನಕ್ಕೋ ಬಾವಾ, ಧೋ ಕೋ ಡಾಲೇ ಸೋ ಕಪಡೇ ಹೈ, ಝಂಡಾ ನೈ” ಎಂದಳು. ಬೇಡಪ್ಪಾ, ಒಗೆದ ಬಟ್ಟೆ ಅಷ್ಟೇ, ಬಾವುಟ ಅಲ್ಲ ಎಂದು. ಒಬ್ಬ ಅವಳ ಬಾಯಿಗೆ ಹೊಡೆದ. ಗದ್ದಾರ, ದ್ರೋಹಿ ಎಂದು ಬೈದ. ಅವಳು ರಕ್ತದ ಜೊತೆ ಒಂದು ಹಲ್ಲನ್ನು ಉಗುಳಿ, ಅದೇ ಮಾತನ್ನು ಮತ್ತೆ ಹೇಳಿದಳು. ಅವರಿಗೆ ಏನನ್ನಿಸಿತೋ, ಹಗ್ಗ ಕತ್ತರಿಸಿ, ಹಸಿರು ಸೀರೆಯನ್ನು ತಮ್ಮ ಜೀಪಿಗೆ ಹಾಕಿಕೊಂಡು ಹೋದರು. ಅವತ್ತು ರಾತ್ರಿಯೇ ನನ್ನ ಗಂಡ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಬಿಳಿ, ಹಸಿರು, ಕುಸುಬಿ ಬಣ್ಣಗಳನ್ನು ಒಂದೇ ಹಗ್ಗಕ್ಕೆ ಹಾಕಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.

ಮುಂದಿನ ತಿಂಗಳು ಪಡುವಣ ದಿಕ್ಕಿನಲ್ಲಿ ಒಂದು ಊರು ಕಪ್ಪಗೆ ಕಾಣುತ್ತಿತ್ತು. ಉತ್ತ ಎರಿ ಎಂದುಕೊಂಡೆ, ಈಗ ನನಗೆ ಎರಿ ಅಂದರೇನೆಂದು ಗೊತ್ತಿತ್ತಲ್ಲ. ಬೂಬು ಆ ದಿಕ್ಕಿನಿಂದಲೇ ನಡೆದು ಬಂದಳು. ಮಲಾರ ಒಯ್ದ ಹಾಗೆಯೇ ತುಂಬಿತ್ತು. “ಅದು ಎರಿ ಅಲ್ಲ ಬೇ, ಬೂದಿ” ಎಂದಳು. ವ್ಯಾಪಾರ ಆಗಲಿಲ್ಲವೇ ಎಂದು ಅತ್ತೆಯವರು ಕೇಳಿದರು. ಅವಳು ಮಲಾರ ನೆಲಕ್ಕೆ ಇಳಿಸಿ, “ಅಲ್ಲಿ ಬಳಿ ಇಡಸ್ಕೊಳ್ಳೂ ಕೈ ಒಂದೂ ಉಳಿದಿಲ್ರಿ ಅವ್ವಾರ. ಖಾಕಿ ಮಂದಿ ಗಂಡಸರಿಗಿ ಸಾಲು ಹಚ್ಚಿ ಕಡದಾರ” ಎಂದಳು. ಅವಳ ಬಾಯಿಂದ ಕೈಕಾಲು ಮೂಡದ ಸುದ್ದಿ ಕೇಳಿದ್ದು ಅದೊಂದೇ. ಸತ್ತವರಲ್ಲಿ ನಮ್ಮ ಪಕ್ಕದ ಹೊಲದವನ ತಮ್ಮನೂ ಇದ್ದ, ಅಲ್ಲಿಗೆ ಮನೆಅಳಿಯನಾಗಿ ಹೋಗಿದ್ದ. ಹೊಲದವನು ಸುದ್ದಿ ಕೇಳಿದವನೇ ಎತ್ತು ಬಿಚ್ಚದೆ, ಸಂಜೆಯವರೆಗೆ ಕುಂಟೆಯ ಮೇಲೆ ಕೂತಿದ್ದ.

ಸೆಪ್ಟೆಂಬರಿನಲ್ಲಿ ವಿಮಾನಗಳು ಹಾರಿದವು, ದೊಡ್ಡ ರಸ್ತೆಯಲ್ಲಿ ಗಡಿಯಾಚೆಯಿಂದ ಮಿಲಿಟರಿ ಬಂತು. ಲಾರಿಗಳ ಬಣ್ಣ ಹಸಿರು, ಜವಾನರ ಅಂಗಿ ಹಸಿರು. ನಾನು ಊರ ಅಗಸಿ ಬಾಗಿಲ ಹತ್ತಿರ ನಿಂತು ನೋಡಿದೆ, ಗದ್ದೆಯೇ ಎದ್ದು ಬಂದ ಹಾಗೆ ಕಂಡಿತು. ಇನ್ನು ಎಲ್ಲ ಸರಿಹೋಯಿತು, ನನ್ನ ಗಂಡ ಮನೆಗೆ ಬರುತ್ತಾರೆ ಎಂದು ಕುಣಿಯುವಷ್ಟು ಸಂತೋಷವಾಗಿತ್ತು. ಹಸಿರಿನ ಮೇಲೆ ಅಷ್ಟು ನಂಬಿಕೆ ಇಟ್ಟದ್ದು ನನ್ನ ತಿಳಿಗೇಡಿತನ. ಲಾರಿಗಳು ಗುಲ್ಬರ್ಗದ ಕಡೆ ಹೋದವು. ಅವು ಹೋದ ಮೇಲೆ ಊರುಗಳು ಊರವರ ಕೈಗೆ ಸಿಕ್ಕವು. ಖಾಕಿಯವರು ಆಗಲೇ ಅಂಗಿ ಕಳಚಿ ಓಡಿದ್ದರು. ಓಡದೆ ಕೇರಿಯಲ್ಲಿ ಉಳಿದವರು ಕುಂಟರು, ಮುದುಕರು, ತಪ್ಪು ಮಾಡದವರು. ಲೆಕ್ಕ ಅವರ ಮೇಲೆ ತೀರಿತು.

ಅವತ್ತು ಹೊತ್ತು ಏರುವ ಮೊದಲೇ ಬೂಬು ನಮ್ಮ ಹಿತ್ತಲ ಬಾಗಿಲಿಂದ ಬಂದಳು. ಮಲಾರ ಹೆಗಲ ಮೇಲೆಯೇ ಇತ್ತು. ಸೀರೆಗೆಲ್ಲ ಸಜ್ಜೆಯ ಒಣಗಿದ ಎಲೆಯ ರವುದಿ ಅಂಟಿತ್ತು. “ಅವ್ವಾರ” ಎಂದಳು. ಕೇರಿಯ ಕಡೆಯಿಂದ ಕೂಗು ಕೇಳುತ್ತಿತ್ತು. ನಮ್ಮ ಅತ್ತೆಯವರು ಏನೂ ಕೇಳಲಿಲ್ಲ. ತಲಬಾಗಿಲು ಹಾಕಲು ಹೋದ ನನ್ನನ್ನು ತಡೆದು, “ಹಾಕಿದ್ರ ಒಡೀತಾರ. ತಗದಿದ್ರ ಕೇಳ್ತಾರ” ಎಂದರು. ಚಾಪೆ ಹಾಸಿ, ಎಲ್ಲರಿಗೂ ಕಾಣುವಂತೆ ಪಡಸಾಲೆಯ ನಡುವೆ ಕೂತು, ತಮ್ಮ ಬಲಗೈಯನ್ನು ಅವಳ ಮುಂದೆ ಚಾಚಿದರು. “ಇಡು” ಎಂದರು.

ಅವರು ಬಂದಾಗ ಬಲಗೈ ಮುಗಿದು ಎಡಗೈಗೆ ಮೊದಲ ಬಳೆ ಏರುತ್ತಿತ್ತು. ಕೊಡಲಿ, ಕುಡಗೋಲು, ಬಡಿಗೆ. ಕೆಲವರ ಧೋತರ ಮೊಣಕಾಲವರೆಗೆ ಕೆಂಪಾಗಿತ್ತು. ಎಲ್ಲರೂ ಪರಿಚಯದವರೇ. ಮುಂದೆ ನಿಂತವನು ಆ ಪಕ್ಕದ ಹೊಲದವನು.

“ಅವ್ವಾರ, ಆಕಿನ್ನ ಹೊರಗ ಕಳಸ್ರಿ.”

“ಕಣ್ಣಿಲ್ಲೇನು ನಿನಗ? ಬಳಿ ಇಡಸ್ಕೊಳ್ಳಾಕತ್ತೇನಿ. ಅರ್ಧ ಕೈ ಆಗ್ಯಾದ.”

ಅವನು ಹಿಂದಕ್ಕೆ ತಿರುಗಿ ತನ್ನವರನ್ನು ನೋಡಿದ. ಒಳಕೋಣೆಯಲ್ಲಿ ನಮ್ಮ ಮಾವನವರು ಹಾಸಿಗೆ ಹಿಡಿದು ಮಲಗಿದ್ದರು, ಅವರ ಕೆಮ್ಮು ಕೇಳಿಸಿತು. ಬದುಕಿರುವ ಗಂಡನ ಕೆಮ್ಮು.

“ಮುಗೀಲಿ, ನಿಲ್ತೇವ್ರಿ” ಎಂದ.

“ನಿಲ್ರಿ. ಚಪ್ಪಲಿ ಹೊರಗ ಬಿಡ್ರಿ.”

ಬಿಟ್ಟರು. ಮನುಷ್ಯರನ್ನು ಕಡಿದು ಬಂದವರು ಚಪ್ಪಲಿ ಸಾಲಾಗಿ ಬಿಟ್ಟು ಅಂಗಳದಲ್ಲಿ ಕೂತರು. ಅತ್ತೆಯವರು ನನಗೆ ಕಣ್ಣಲ್ಲೇ ಹಿತ್ತಲು ತೋರಿಸಿದರು. ನಾನು ಓಡಿದೆ. ಮನೆ ಮನೆಗೆ ಹೋಗಿ, ಅವ್ವಾರು ಬಳೆ ಇಡಿಸಿಕೊಳ್ಳಲು ಕರೆಯುತ್ತಿದ್ದಾರೆ, ಈಗಲೇ ಅಂತೆ ಎಂದೆ. ಕೆಲವರು ತಿಳಿಯದೆ ಬಂದರು, ಕೆಲವರು ತಿಳಿದೇ ಬಂದರು, ಒಬ್ಬಳು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಳು. ಬಂದವರು ಹಿತ್ತಲಿಂದ ಬಂದು ಚಾಪೆಯ ಮೇಲೆ ಒತ್ತಾಗಿ ಕೂತರು. ಅತ್ತೆಯವರ ಎಡಗೈಗೆ ಕೊನೆಯ ಬಳೆ ಏರುವ ಮೊದಲೇ ಇನ್ನೊಬ್ಬಳ ಬಲಗೈಗೆ ಮೊದಲ ಬಳೆ ಏರಿತ್ತು. ಅವಳದು ಮುಗಿಯುವ ಮೊದಲು ಮತ್ತೊಬ್ಬಳದು. ಅಂಗಳದಲ್ಲಿದ್ದವರು ಯಾವಾಗ ತಲೆ ಎತ್ತಿ ನೋಡಿದರೂ ಯಾರದೋ ಒಬ್ಬಳದು ಅರ್ಧ ಕೈ.

ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕೈ ತುಂಬಿಸುತ್ತಿದ್ದವಳು ಅವತ್ತು ಕೆಲಸ ಬಾರದವಳಾದಳು. ಅಳತೆ ಚಿಕ್ಕದಾಯಿತು ಎಂದು ಏರಿಸಿದ್ದನ್ನು ಇಳಿಸಿದಳು. ಈ ಬಣ್ಣ ಹೊಂದುವುದಿಲ್ಲ ಎಂದು ಇನ್ನೊಂದು ತೆಗೆದಳು. 'ಅಗಸಿ ಬೇಕೋ, ತೊಗರಿ ಬೇಕೋ' ಎಂದು ಒಬ್ಬೊಬ್ಬರನ್ನೂ ಕೇಳಿದಳು. ಅವರೂ ಬೇಕೆಂದೇ ಮನಸ್ಸು ಬದಲಾಯಿಸಿದರು. ಅವಳ ದನಿ ಎಂದಿನಂತೆಯೇ ಇತ್ತು, ಕೈ ಮಾತ್ರ ತಣ್ಣಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ಹೊತ್ತು ಇಳಿಯುವ ಹೊತ್ತಿಗೆ ಮಲಾರದಲ್ಲಿ ಹಗ್ಗ ಉಳಿಯಿತು. ಬಳೆ ಮುಗಿದರೆ ಅವಳೂ ಮುಗಿದಳು. ಹಾಗಾಗಿ, ಇಡಿಸಿಕೊಂಡವರು ಸೆರಗಿನ ಮರೆಯಲ್ಲಿ ಕೈಯ ಬಳೆ ಕಳಚಿ ಅವಳ ಕಡೆ ಸರಿಸತೊಡಗಿದರು. ಮುತ್ತೈದೆ ಗಂಡ ಬದುಕಿರುವಾಗ ಕೈ ಬರಿದು ಮಾಡಬಾರದು, ಆದರೂ ಮಾಡಿದರು. ನಾನೂ ನನ್ನ ಬಳೆಗಳಿಗೆ ಕೈ ಹಾಕಿದೆ. ನನ್ನ ಗಂಡ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂಬ ಸುದ್ದಿ ಬಂದು ತಿಂಗಳುಗಳಾಗಿದ್ದವು. ಅವಳು ನನ್ನ ಮಣಿಕಟ್ಟು ಹಿಡಿದು ಬಳೆಗಳನ್ನು ಮತ್ತೆ ಮೇಲಕ್ಕೆ ತಳ್ಳಿ, “ನೀ ಬ್ಯಾಡ ಬೇ. ನಿನ್ನ ಗಂಡ ದಾರ್ಯಾಗ ಅದಾನ” ಎಂದಳು. ನನ್ನ ಗಂಡ ಮುಂದೆ ದಸರೆಗೆ ಬಂದರು, ಸೊಟ್ಟ ಬೆರಳಿನ ಕೈ ಹೊತ್ತು ಬಂದರು. ನನ್ನ ಬದಲು ಅತ್ತೆಯವರು ತಮ್ಮ ಎಡಗೈಯ ಬಳೆಗಳನ್ನೆಲ್ಲ ಕಳಚಿ ಕೊಟ್ಟರು.

ಆ ಬಳೆಗಳು ಏರಿದ್ದು ಕೊನೆಗೆ ಬಂದು ಕೂತ ಹೆಂಗಸಿನ ಕೈಗೆ. ಯಾರೂ ಕರೆಯದೆ, ಮುಂಬಾಗಿಲಿಂದಲೇ ಬಂದಳು. ಅಂಗಳದಲ್ಲಿ ಕೂತಿದ್ದ ಆ ಪಕ್ಕದ ಹೊಲದವನ ಹೆಂಡತಿ. ಗಂಡನ ಬಡಿಗೆಯನ್ನು ದಾಟಿ ಬಂದು, ಬೂಬುವಿನ ಮುಂದೆ ಬಲಗೈ ಚಾಚಿದಳು.

ಅವನು ಎದ್ದು ಬಂದ. “ಏಳ ಬೇ.”

“ಅರ್ಧ ಕೈ ಅದ.”

“ನನ್ನ ತಮ್ಮಗ ಕಡದಾರ. ಏಳು.”

“ಈಕಿ ಕಡದಾಳೇನು?”

ಅವನು ಬಡಿಗೆ ಎತ್ತಿದ್ದು ಬೂಬುವಿನ ತಲೆಯ ಮೇಲೆ. ಹೆಂಡತಿ ತನ್ನ ಕೈ ಅಡ್ಡ ಹಿಡಿದಳು. ಪೆಟ್ಟು ಅವಳ ಮಣಿಕಟ್ಟಿಗೆ ಬಿತ್ತು. ಬಳೆಗಳೆಲ್ಲ ಒಂದೇ ಸಲಕ್ಕೆ ಪುಡಿಯಾದವು, ಗಾಜು ಮಾಂಸದೊಳಗೆ ಹೋಯಿತು. ಗಂಡನೇ ನಿಂತು ಹೆಂಡತಿಯ ಬಳೆ ಒಡೆದಿದ್ದ. ಅಂಗಳದಲ್ಲಿದ್ದವರು ಅವತ್ತು ಏನೇನೋ ಮಾಡಿ ಬಂದಿದ್ದರು, ಏನೇನೋ ನೋಡಿ ಬಂದಿದ್ದರು. ಇದನ್ನು ನೋಡಲಾರದೆ ಮುಖ ತಿರುಗಿಸಿದರು. ಒಬ್ಬ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಹಿಂದೆ ಮತ್ತೊಬ್ಬ. ಹೊಡೆದವನು ಮಾತ್ರ ಬಡಿಗೆ ಬಿಟ್ಟು, ಕಂಬಕ್ಕೆ ಒರಗಿ, ನೆಲಕ್ಕೆ ಕುಸಿದು, ತಮ್ಮನ ಹೆಸರು ಹಿಡಿದು ಗೋಳೋ ಎಂದು ಅತ್ತ. ಬೂಬು ಅವನ ಕಡೆ ನೋಡಲಿಲ್ಲ. ಹೆಂಗಸಿನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಗಾಜಿನ ಚೂರು ಒಂದೊಂದೇ ತೆಗೆದಳು, ತನ್ನ ಸೆರಗು ಹರಿದು ಕಟ್ಟಿದಳು, ಉಳಿದಿದ್ದ ಬಳೆಗಳನ್ನು ಎಡಗೈಗೆ ಇಟ್ಟಳು. ದೊಡ್ಡ ರಸ್ತೆಯಿಂದ ಲಾರಿಯ ಸದ್ದು ಕೇಳಿಸಿತು. ಮಿಲಿಟರಿಯವರು ಊರೊಳಗೆ ಬಂದರು. ಹೆಂಗಸು ಎದ್ದು ಗಂಡನ ರಟ್ಟೆ ಹಿಡಿದು, “ನಡೀರಿ ಮನಿಗಿ” ಎಂದು ಕರೆದುಕೊಂಡು ಹೋದಳು.

ಜವಾನರು ಬೂಬುವನ್ನು ಲಾರಿಯಲ್ಲಿ ಜೇವರ್ಗಿಗೆ, ಮಗಳ ಊರಿಗೆ ಮುಟ್ಟಿಸುವುದಾಗಿ ಹೇಳಿದರು. ಹೋದವಳು ಮತ್ತೆ ನಮ್ಮೂರಿಗೆ ಬರಲಿಲ್ಲ. ಹತ್ತುವ ಮೊದಲು ಪಡಸಾಲೆಗೆ ತಿರುಗಿ ಬಂದು ಅತ್ತೆಯವರ ಮುಂದೆ ಕೂತಳು.

“ಅವ್ವಾರ, ನಿಮ್ಮ ಎಡಗೈ ಖಾಲಿ ಉಳಿದದ. ಕೊಡ್ರಿ.”

ಮಲಾರ ಬರಿದಾಗಿತ್ತು. ಅವಳು ತನ್ನ ಕೈಯ ಬಳೆಗಳನ್ನೇ ಕಳಚತೊಡಗಿದಳು. ಕರಿ ಬಳೆಗಳು. ಅತ್ತೆಯವರು ಕೈ ಚಾಚಿದವರು, “ನಿನಗ?” ಎಂದರು.

“ನನಗ್ಯಾಕ್ರಿ ಇನ್ನ. ಮುಂಜಾನಿನೇ ಅವರಿಗಿ ಕಡದು ಬಾವ್ಯಾಗ ಹಾಕ್ಯಾರ. ಸಜ್ಜಿ ಹೊಲದಾಗ ಕುಂತು ನಾನೇ ನೋಡೀನಿ.”

ಪಡಸಾಲೆಯಲ್ಲಿದ್ದ ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು. ಮುಂಜಾನೆಯಿಂದ ನಮ್ಮೆಲ್ಲರಿಗೂ ಬಳೆ ಇಟ್ಟದ್ದು ಗಂಡ ಸತ್ತವಳ ಕೈ. ಒಬ್ಬಳು ತನಗೇ ಗೊತ್ತಿಲ್ಲದಂತೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು. ಒಳಗೆ ಮಾವನವರು ಕೆಮ್ಮಿದರು.

ಅತ್ತೆಯವರು ಕೈ ಹಿಂದಕ್ಕೆ ತೆಗೆಯಲಿಲ್ಲ. ಕರಿ ಬಳೆಗಳು ಒಂದೊಂದೇ ಏರಿದವು. ಕೊನೆಯದು ಏರಿದ ಮೇಲೆ, ಬಳೆ ಇಡಿಸಿಕೊಂಡ ಮುತ್ತೈದೆಯರು ಬಳೆಗಾರ್ತಿಗೆ ಮಾಡುವ ಹಾಗೆ, ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.